ಹ್ಯಾಕಥಾನ್: ಒಂದು ಹಗಲು ಸಾಕಾ, 36 ಗಂಟೆ ಬೇಕಾ?

ತಂಡಗಳು ಒಂದೆಡೆ ಸೇರಿ, ಕೊಟ್ಟ ಸಮಯದೊಳಗೆ ಒಂದು ಸಮಸ್ಯೆಗೆ ಆ್ಯಪ್‌ನಂಥ ಪರಿಹಾರ ಕಟ್ಟುವ ಸ್ಪರ್ಧೆಯೇ ಹ್ಯಾಕಥಾನ್. ಮೊದಲ ಸಲ ಅದನ್ನು ನಡೆಸುವವರ ಕಣ್ಣು 36 ಗಂಟೆಯ ಮೇಲೇ ಇರುತ್ತದೆ. 2017ರಲ್ಲಿ ಶುರುವಾದ, ವಿದ್ಯಾರ್ಥಿಗಳ ರಾಷ್ಟ್ರಮಟ್ಟದ ಸ್ಪರ್ಧೆಯಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನ ಸಾಫ್ಟ್‌ವೇರ್ ಫೈನಲ್ ಅಷ್ಟು ಹೊತ್ತು ನಡೆಯುತ್ತದಲ್ವಾ! ಆದರೆ ಅಲ್ಲಿಗೆ ಬರುವ ತಂಡಗಳು ಸಮಸ್ಯೆ ಆರಿಸಿಕೊಂಡು, ಐಡಿಯಾ ಕಳಿಸಿ, ಆಯ್ಕೆಯಾಗಿ ಬಂದಿರುತ್ತವೆ.

ಉದ್ದದ್ದರಲ್ಲಿ ನಿಜವಾಗಿ ಓಡುವ ಡೆಮೊ ಸಿಗುತ್ತದೆ. ಜೊತೆಗೆ ರಾತ್ರಿ ಮೂರು ಗಂಟೆಯೂ ಬರುತ್ತದೆ. ಒಬ್ಬ ಕೀಬೋರ್ಡ್ ಪಕ್ಕ ತಲೆಯಿಟ್ಟು ಮಲಗಿರುತ್ತಾನೆ. ಇನ್ನೊಬ್ಬಳು ಸಂಜೆ ಸರಿಯಾಗಿದ್ದ ಲಾಗಿನ್ ಪುಟ ಈಗ ಯಾಕೆ ತೆರೆಯುತ್ತಿಲ್ಲ ಎಂದು ಹುಡುಕುತ್ತಿರುತ್ತಾಳೆ. ಊಟ, ಮಲಗುವ ಜಾಗ, ಹಾಸ್ಟೆಲ್ ಅನುಮತಿ ಎಲ್ಲ ನಿಮ್ಮ ತಲೆಗೇ.

ಒಂದು ದಿನದ್ದು ಖರ್ಚು ಕಡಿಮೆ. ಆದರೆ ಹತ್ತರಿಂದ ಆರು ಅಂದರೆ ಎಂಟು ಗಂಟೆಯಲ್ಲ. ಉದ್ಘಾಟನೆ, ಊಟ, ತೀರ್ಪು ಕಳೆದರೆ ಕೋಡ್ ಬರೆಯಲು ಉಳಿಯುವುದು ಐದೇ. ವೈಫೈ ಪಾಸ್‌ವರ್ಡ್, ಡೇಟಾ ಹಿಂದಿನ ದಿನವೇ ಕೊಟ್ಟುಬಿಡಿ.

ಯಾರು ಬರುತ್ತಾರೆ ಅನ್ನುವುದನ್ನೂ ಗಂಟೆಯೇ ತೀರ್ಮಾನಿಸುತ್ತದೆ. ರಾತ್ರಿಯಿಡೀ ಅಂದರೆ ಚಿಕ್ಕ ಮಕ್ಕಳಿರುವವರು, ಮನೆಯಲ್ಲಿ ಬಿಡದ ಹುಡುಗಿಯರು ಸುಮ್ನೆ ಹೆಸರೇ ಕೊಡುವುದಿಲ್ಲ. ಸ್ಮಾರ್ಟ್ ಇಂಡಿಯಾದಲ್ಲಿ ಆರು ಜನರ ತಂಡದಲ್ಲಿ ಕನಿಷ್ಠ ಒಬ್ಬ ಹುಡುಗಿ ಇರಲೇಬೇಕು ಎಂಬ ನಿಯಮವಿದೆ. ನನಗಂತೂ ಆ ನಿಯಮ ಇಷ್ಟ.

ಬರೀ ಕೋಡರ್‌ಗಳ ತಂಡ ಬೇಗ ಓಡುತ್ತದೆ, ಯಾರಿಗೂ ಬೇಡದ ಆ್ಯಪ್ ಕಡೆಗೆ. ಡಿಸೈನ್ ಬಲ್ಲವರು, ಬಳಸುವವರು ಸೇರಿದರೆ ಮೊದಲ ಎರಡು ಗಂಟೆ ಮಾತಿಗೇ ಹೋಗುತ್ತದೆ. ಹಾಗಾಗಿ ಮಿಶ್ರ ತಂಡ ಬೇಕಿದ್ದರೆ ಶನಿವಾರ, ಭಾನುವಾರ ಎರಡು ಹಗಲು ಇಟ್ಟು ರಾತ್ರಿ ಮನೆಗೆ ಕಳಿಸಿ.