ಗಲ್ಲೋ, ಸಾಯುವವರೆಗೆ ಜೈಲೋ?

ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ಘೋರ ಕೊಲೆಯೊಂದನ್ನು ಖಂಡಿಸಿ ಜನ ಸೇರಿದರೆ ಮೊದಲು ಮೇಲೇಳುವುದು ‘ಗಲ್ಲಿಗೇರಿಸಿ’ ಎಂಬ ಫಲಕ. ಆ ಸಿಟ್ಟು ಸಹಜ. ಆದರೆ ಚರ್ಚಾಸ್ಪರ್ಧೆಗೋ ಸ್ವಂತ ಸಮಾಧಾನಕ್ಕೋ ಪಕ್ಷ ಆರಿಸುವವರು ಎರಡೂ ಶಿಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಗಲ್ಲಿನ ಪರ ಇರುವ ಬಲವಾದ ಮಾತು ಒಂದೇ: ಕೆಲವು ಕೃತ್ಯಗಳಿಗೆ ಅದಕ್ಕಿಂತ ಕಡಿಮೆ ಶಿಕ್ಷೆ ನ್ಯಾಯವೆನಿಸುವುದಿಲ್ಲ. 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಗಳಿಗೆ ಮಾತ್ರ ಆ ಬಾಗಿಲು ತೆರೆದಿಟ್ಟಿತು. ತಕ್ಷಣ ನ್ಯಾಯ ಸಿಗುತ್ತದೆ ಎಂಬುದು ಮಾತ್ರ ಭ್ರಮೆ. ಗದಗ ಅಥವಾ ಹಾವೇರಿಯ ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿದರೆ ಕಡತ ಧಾರವಾಡದ ಹೈಕೋರ್ಟ್ ಪೀಠಕ್ಕೆ ಬರುತ್ತದೆ. ಅಲ್ಲಿ ದೃಢಪಡದೆ ಶಿಕ್ಷೆ ಜಾರಿಯಾಗದು. ಮುಂದೆ ಸುಪ್ರೀಂ ಕೋರ್ಟ್, ಮರುಪರಿಶೀಲನೆ, ಕ್ಷಮಾದಾನದ ಅರ್ಜಿ. 2012ರ ದೆಹಲಿ ಅತ್ಯಾಚಾರ ಪ್ರಕರಣದ ನಾಲ್ವರನ್ನು ನೇಣಿಗೇರಿಸಿದ್ದು 2020ರಲ್ಲಿ. ಕ್ಷಮಾದಾನದ ಅರ್ಜಿ ಸಕಾರಣವಿಲ್ಲದೆ ಕೊಳೆತರೆ ಶಿಕ್ಷೆಯೇ ಜೀವಾವಧಿಗೆ ಇಳಿಯಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂದು ಕಟ್ಟೆಯ ಮೇಲೆ ವಾದಿಸುವವರಿಗೆ ಕೊರತೆಯಿಲ್ಲ. ಅದು ತಪ್ಪು, ಕೊಲೆಯಂಥ ಅಪರಾಧಗಳಲ್ಲಿ ಸರ್ಕಾರ ಬಿಡುಗಡೆ ಪರಿಗಣಿಸುವ ಮೊದಲು ಕಳೆಯಬೇಕಾದ ಕನಿಷ್ಠ ಅವಧಿ ಅದು. ನಮ್ಮ ರಾಜ್ಯದ್ದೇ ಆದ, ಪತ್ನಿಯನ್ನು ಕೊಂದ ಸ್ವಾಮಿ ಶ್ರದ್ಧಾನಂದನ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತಪ್ಪಿಸಿ, ಉಳಿದ ಬದುಕೆಲ್ಲ ಬಿಡುಗಡೆಯಿಲ್ಲದ ಸೆರೆವಾಸ ವಿಧಿಸಿತು.

ನನ್ನ ಒಲವು ಈ ಎರಡನೆಯದರ ಕಡೆಗೆ. ತನಿಖೆ ಎಡವಿದ್ದು ತಡವಾಗಿ ಬಯಲಾದರೂ ಜೈಲಿನ ಬೀಗ ತೆಗೆಯಬಹುದು. ಸರ್ಕಾರಕ್ಕೆ ಸಲಹೆ ಕೊಡುವ ಕಾನೂನು ಆಯೋಗವೂ 2015ರಲ್ಲಿ ಭಯೋತ್ಪಾದನೆ, ದೇಶದ ವಿರುದ್ಧದ ಯುದ್ಧ ಬಿಟ್ಟು ಉಳಿದೆಡೆ ಗಲ್ಲು ಬೇಡವೆಂದಿತು. ಸಂತ್ರಸ್ತರ ಮನೆಯವರಿಗೆ ಈ ತರ್ಕ ಸಪ್ಪೆ ಎನಿಸಿದರೆ ಅವರೊಂದಿಗೆ ನಾನಂತೂ ವಾದಕ್ಕೆ ಇಳಿಯಲಾರೆ.