ಗೂಗಲ್ ಖಾತೆಯನ್ನು ಏಜೆನ್ಸಿಯ ಹೆಸರಿನಲ್ಲಿ ತೆರೆಯಲು ಬಿಡಬೇಡಿ: ಮಲೆನಾಡಿನ ಹೋಂಸ್ಟೇಯವರಿಗೆ ಒಂದು ಎಚ್ಚರಿಕೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹೋಂಸ್ಟೇ ನಡೆಸುವವರು, ಮನೆಯಲ್ಲೇ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವವರು ಮತ್ತು ಶಿವಮೊಗ್ಗದ ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವರು ಓದಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಗೂಗಲ್ ಮತ್ತು ಫೇಸ್‌ಬುಕ್‌ನಲ್ಲಿ ಪ್ರಚಾರ ಮಾಡಿಕೊಡುತ್ತೇವೆಂದು ಬಂದ ಒಂದು ಏಜೆನ್ಸಿಯಿಂದ, ಜೋಗದ ದಾರಿಯಲ್ಲಿರುವ ನಮ್ಮ ನಾಲ್ಕು ಕೋಣೆಗಳ ಹೋಂಸ್ಟೇ ಹಣ ಕಳೆದುಕೊಂಡಿತು. ಹಣಕ್ಕಿಂತ ಹೆಚ್ಚಾಗಿ, ವರ್ಷಗಳಿಂದ ಅತಿಥಿಗಳು ಪ್ರೀತಿಯಿಂದ ಬರೆದಿದ್ದ ಅಭಿಪ್ರಾಯಗಳಲ್ಲಿ ಬಹಳಷ್ಟನ್ನೂ ನಮ್ಮದೇ ಹೆಸರಿನ ಜಾಲತಾಣವನ್ನೂ ಕಳೆದುಕೊಂಡಿತು. ಏಜೆನ್ಸಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬದಲಿಸಿಕೊಂಡು ಮತ್ತೆ ಬರುವುದು ಇಂಥವರಿಗೆ ಸುಲಭ. ಅವರು ಕೆಲಸ ಮಾಡುವ ಕ್ರಮ ಮಾತ್ರ ಎಲ್ಲ ಕಡೆಯೂ ಒಂದೇ ಆಗಿರುವುದರಿಂದ ಆ ಕ್ರಮವನ್ನು ಗುರುತಿಸಿಟ್ಟುಕೊಳ್ಳುವುದೇ ಉಪಯೋಗಕ್ಕೆ ಬರುತ್ತದೆ.

2023ರಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣ ಆರಂಭವಾದ ಮೇಲೆ, ಅದರಲ್ಲೂ 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದ ಮೇಲೆ, ನಮ್ಮ ಕಡೆಗೆ ಪ್ರಚಾರದ ಏಜೆನ್ಸಿಗಳ ಓಡಾಟ ಜಾಸ್ತಿಯಾಗಿದೆ. ಅವರು ಬರುವುದು ಸಾಮಾನ್ಯವಾಗಿ ಬೇಸಿಗೆಯ ಕೊನೆಯಲ್ಲಿ. ಮಳೆ ಹಿಡಿದು ಜೋಗಕ್ಕೆ ನೀರು ಬಂದರೆ ಕೋಣೆಗಳು ತುಂಬುತ್ತವೆ, ಆ ಹೊತ್ತಿಗೆ ಗೂಗಲ್‌ನಲ್ಲಿ ಕಾಣಿಸಿಕೊಳ್ಳಬೇಕೆಂಬ ಆತುರ ಎಲ್ಲರಿಗೂ ಇರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ನಮಗೆ ಅವರು ಕೊಟ್ಟ ಭರವಸೆ ಮೂರು ತಿಂಗಳಲ್ಲಿ ಗೂಗಲ್‌ನ ಮೊದಲ ಪುಟದಲ್ಲಿ ಮೊದಲ ಸ್ಥಾನ ಎಂಬುದಾಗಿತ್ತು. ಯಾರೂ ಮೊದಲ ಸ್ಥಾನದ ಖಾತರಿ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಸ್ಪಷ್ಟವಾಗಿ ಹೇಳಿದೆ. ಹುಡುಕಾಟದ ಪುಟದಲ್ಲಿ ಕಾಣುವ ಫಲಿತಾಂಶಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ: ದುಡ್ಡು ಕೊಟ್ಟು ಹಾಕಿಸಿದ, ಪ್ರಾಯೋಜಿತ ಎಂಬ ಗುರುತಿರುವ ಜಾಹೀರಾತು, ನಕ್ಷೆಯ ಜೊತೆಯಲ್ಲಿ ಬರುವ ಸ್ಥಳೀಯ ವ್ಯವಹಾರಗಳ ಪಟ್ಟಿ, ಅದರ ಕೆಳಗಿನ ಸಾಮಾನ್ಯ ಕೊಂಡಿಗಳು. ಜಾಹೀರಾತಿಗೆ ಎಷ್ಟು ಸುರಿದರೂ ಉಳಿದ ಎರಡರಲ್ಲಿ ಸ್ಥಾನ ಮೇಲೇರುವುದಿಲ್ಲ. ನಕ್ಷೆಯ ಪಟ್ಟಿಯನ್ನು ಗೂಗಲ್ ಪ್ರಶ್ನೆಗೆ ಹೊಂದಿಕೆ, ದೂರ ಮತ್ತು ಪ್ರಸಿದ್ಧಿ ಎಂಬ ಮೂರು ಆಧಾರಗಳ ಮೇಲೆ ಜೋಡಿಸುತ್ತದೆ. ಹಾಗಾಗಿ ಸಾಗರದ ಬಸ್ ನಿಲ್ದಾಣದಲ್ಲಿ ನಿಂತು ಹುಡುಕಿದವರಿಗೂ ಬೆಂಗಳೂರಿನ ಜಯನಗರದಲ್ಲಿ ಕೂತು ಹುಡುಕಿದವರಿಗೂ ಅದು ಬೇರೆ ಬೇರೆಯಾಗಿಯೇ ಕಾಣುತ್ತದೆ. ಏಜೆನ್ಸಿಯವರು ಈ ಮೂರನ್ನೂ ಕಲಸಿ ಒಂದೇ ವಸ್ತುವೆಂಬಂತೆ ಮಾರುತ್ತಾರೆ. ಎರಡನೆಯ ತಿಂಗಳು ನಮ್ಮ ಅಂಗಳಕ್ಕೆ ಬಂದು ತಮ್ಮ ಮೊಬೈಲಿನಲ್ಲಿ ನಮ್ಮ ಹೋಂಸ್ಟೇಯ ಹೆಸರನ್ನೇ ಬರೆದು ಹುಡುಕಿ, ಮೊದಲು ಬಂದಿದೆ ನೋಡಿ ಎಂದು ತೋರಿಸಿದರು. ಹೆಸರು ಗೊತ್ತಿರುವವರು ಅದೇ ಹೆಸರನ್ನು ಹುಡುಕಿದರೆ ಅದೇ ಮೊದಲು ಬರುತ್ತದೆ, ಯಾರ ಶ್ರಮವೂ ಇಲ್ಲದೆ. ಹೆಸರು ಗೊತ್ತಿಲ್ಲದವರು ಜೋಗದ ಹತ್ತಿರ ಉಳಿಯಲು ಮನೆ ಎಂದು ಹುಡುಕಿದಾಗ ಏನು ಕಾಣುತ್ತದೆ ಎಂಬುದನ್ನು ಅವರು ಒಮ್ಮೆಯೂ ತೋರಿಸಲಿಲ್ಲ.

ಹಣದ ಲೆಕ್ಕದಲ್ಲಿ ಅವರು ಇಟ್ಟಿದ್ದು ಒಂದೇ ಮೊತ್ತ. ಅದರಲ್ಲಿ ಅವರ ಸಂಬಳ ಎಷ್ಟು, ಗೂಗಲ್‌ಗೆ ಹೋದದ್ದು ಎಷ್ಟು ಎಂಬುದನ್ನು ಬಿಡಿಸಿ ಹೇಳಲೇ ಇಲ್ಲ. ಗೂಗಲ್ ತನ್ನ ಜಾಹೀರಾತಿಗೆ ಶೇಕಡಾ 18ರ ಜಿಎಸ್‌ಟಿ ಸೇರಿಸಿ ಖಾತೆಯವರ ಹೆಸರಿಗೆ ಬಿಲ್ ಕೊಡುತ್ತದೆ. ಖಾತೆ ಏಜೆನ್ಸಿಯ ಹೆಸರಿನಲ್ಲಿದ್ದುದರಿಂದ ಆ ಬಿಲ್ ನಮ್ಮ ಕಣ್ಣಿಗೆ ಬೀಳುವಂತೆಯೇ ಇರಲಿಲ್ಲ. ಜಾಹೀರಾತು ಎಷ್ಟು ಸಲ ಕಾಣಿಸಿತು, ಎಷ್ಟು ಕ್ಲಿಕ್ ಬಂತು, ಎಷ್ಟು ಖರ್ಚಾಯಿತು ಎಂಬ ಮೂರು ವಿವರಗಳನ್ನು ಏಜೆನ್ಸಿಗಳು ತಮ್ಮ ಗ್ರಾಹಕರಿಗೆ ಕೊಡಲೇಬೇಕೆಂದು ಗೂಗಲ್‌ನ ನಿಯಮವಿದೆ. ನಾವು ಕೇಳಿದಾಗ ಬಂದದ್ದು ರೀಚ್ (ಎಷ್ಟು ಜನರಿಗೆ ಕಾಣಿಸಿತು) ಮತ್ತು ಇಂಪ್ರೆಷನ್ (ಎಷ್ಟು ಸಲ ಕಾಣಿಸಿತು) ಎಂಬ ದೊಡ್ಡ ದೊಡ್ಡ ಅಂಕಿಗಳಿದ್ದ ಒಂದು ಬಣ್ಣಬಣ್ಣದ ಪಿಡಿಎಫ್. ಖರ್ಚಿನ ಸಾಲೇ ಅದರಲ್ಲಿ ಇರಲಿಲ್ಲ.

ಬೆಂಗಳೂರಿನಲ್ಲಿ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ಪಟ್ಟು ಹಿಡಿದು ಕೇಳಿದ ಮೇಲೆ, ಜಾಹೀರಾತು ಖಾತೆಯನ್ನು ನೋಡಲು ಮಾತ್ರ ಅನುಮತಿ ಕೊಟ್ಟರು. ಜನರು ನಿಜವಾಗಿ ಏನೆಂದು ಬರೆದು ಹುಡುಕಿದಾಗ ನಮ್ಮ ಜಾಹೀರಾತಿನ ಮೇಲೆ ಒತ್ತಿದರು ಎಂಬುದನ್ನು ತೋರಿಸುವ ಸರ್ಚ್ ಟರ್ಮ್ಸ್ ಎಂಬ ವರದಿ ಅದರಲ್ಲಿದೆ. ನೀವು ಏಜೆನ್ಸಿಯನ್ನು ಒಂದೇ ಒಂದು ದಾಖಲೆ ಕೇಳುವುದಾದರೆ ಇದನ್ನೇ ಕೇಳಿ. ಜೋಗದಲ್ಲಿ ಇವತ್ತು ನೀರು ಇದೆಯೇ, ಲಿಂಗನಮಕ್ಕಿ ನೀರಿನ ಮಟ್ಟ, ಆಗುಂಬೆಯಲ್ಲಿ ಮಳೆ ಎಷ್ಟು, ಹೋಂಸ್ಟೇ ಲೈಸೆನ್ಸ್‌ಗೆ ಅರ್ಜಿ ಹಾಕುವುದು ಹೇಗೆ, ರೆಸಾರ್ಟ್‌ನಲ್ಲಿ ಅಡುಗೆಯವರ ಕೆಲಸ ಖಾಲಿ ಇದೆಯೇ, ಮಡಿಕೇರಿಯಲ್ಲಿ ಕಡಿಮೆ ಬಾಡಿಗೆಯ ಕೋಣೆ: ಇಂಥ ಹುಡುಕಾಟಗಳೇ ಪುಟದ ಮೇಲೆ ಪುಟ. ಕೆಲಸ ಹುಡುಕುತ್ತಿದ್ದ ಯಾರೋ ಅಡುಗೆಯವರು ಆಸೆಯಿಂದ ಒತ್ತಿದ ಪ್ರತಿ ಕ್ಲಿಕ್ಕಿಗೂ ನಾವು ಹಣ ತೆತ್ತಿದ್ದೆವು. ಆ ಸಾಲುಗಳನ್ನು ಓದುವಾಗ ನನಗೆ ಹೊಟ್ಟೆ ಉರಿಯಿತು.

ಇದಕ್ಕೆ ಕಾರಣಗಳು ತಾಂತ್ರಿಕವಾದರೂ ಅರ್ಥವಾಗದಷ್ಟು ಕಠಿಣವಲ್ಲ. ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕೆಂದು ಕೊಡುವ ಪದಗಳನ್ನು ಬ್ರಾಡ್ ಮ್ಯಾಚ್ (ಸಡಿಲ ಹೊಂದಿಕೆ), ಫ್ರೇಸ್ ಮ್ಯಾಚ್ (ಪದಗುಚ್ಛದ ಹೊಂದಿಕೆ), ಎಕ್ಸಾಕ್ಟ್ ಮ್ಯಾಚ್ (ನಿಖರ ಹೊಂದಿಕೆ) ಎಂದು ಮೂರು ರೀತಿಯಲ್ಲಿ ಹೊಂದಿಸಬಹುದು. ಏನನ್ನೂ ಬದಲಿಸದೆ ಬಿಟ್ಟರೆ ಬ್ರಾಡ್ ಮ್ಯಾಚ್ ಆಗುತ್ತದೆ, ಅಂದರೆ ಸ್ವಲ್ಪ ಸಂಬಂಧ ಇದ್ದರೂ ಜಾಹೀರಾತು ಕಾಣಿಸುತ್ತದೆ. ಕೆಲಸ, ಲೈಸೆನ್ಸ್, ಮಡಿಕೇರಿ ಮುಂತಾದ ಪದಗಳಿದ್ದರೆ ತೋರಿಸಬೇಡ ಎಂದು ಹೇಳುವ ನೆಗೆಟಿವ್ ಕೀವರ್ಡ್‌ಗಳ ಪಟ್ಟಿಯನ್ನು ವಾರಕ್ಕೊಮ್ಮೆಯಾದರೂ ನೋಡಿ ಬೆಳೆಸಬೇಕು; ನಮ್ಮ ಖಾತೆಯಲ್ಲಿ ಆ ಪಟ್ಟಿ ಖಾಲಿಯಾಗಿತ್ತು. ಊರುಗಳ ಆಯ್ಕೆಯೂ ಹಾಗೆಯೇ. ಮೊದಲಿನಿಂದ ಇರುವ ಸೆಟ್ಟಿಂಗ್‌ನಲ್ಲಿ, ಆಯ್ದ ಊರಿನಲ್ಲಿ ಇರುವವರಿಗೆ ಮಾತ್ರವಲ್ಲದೆ ಆ ಊರಿನ ಬಗ್ಗೆ ಆಸಕ್ತಿ ತೋರಿಸಿದ ಎಲ್ಲಿಯವರಿಗೇ ಆದರೂ ಜಾಹೀರಾತು ಹೋಗುತ್ತದೆ. ಇದರ ಜೊತೆಗೆ ಡಿಸ್‌ಪ್ಲೇ ನೆಟ್‌ವರ್ಕ್ ಎಂಬ ಆಯ್ಕೆಯನ್ನು ತೆಗೆಯದೆ ಬಿಟ್ಟಿದ್ದರಿಂದ ಬೇರೆ ಬೇರೆ ಆ್ಯಪ್‌ಗಳ ಒಳಗೂ, ಮಕ್ಕಳು ಆಡುವ ಆಟಗಳ ನಡುವೆಯೂ ನಮ್ಮ ಮನೆಯ ಚಿತ್ರ ಬರುತ್ತಿತ್ತು. ಖಾತೆಯಲ್ಲಿ ಯಾರು ಯಾವ ದಿನ ಏನು ಬದಲಿಸಿದರು ಎಂಬ ಚೇಂಜ್ ಹಿಸ್ಟರಿಯೂ ಇರುತ್ತದೆ. ನಮ್ಮದರಲ್ಲಿ ಆರಂಭದ ವಾರವನ್ನು ಬಿಟ್ಟರೆ ಯಾರೂ ಕೈ ಹಚ್ಚಿದ ಗುರುತೇ ಇರಲಿಲ್ಲ, ಆದರೆ ನಿರ್ವಹಣೆಯ ಹೆಸರಿನಲ್ಲಿ ಹಣ ಪ್ರತಿ ತಿಂಗಳೂ ಹೋಗುತ್ತಿತ್ತು.

ಸಾಮಾಜಿಕ ಜಾಲತಾಣದ ಕಥೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ ಫಾಲೋವರ್‌ಗಳ ಸಂಖ್ಯೆ ಕೆಲವೇ ದಿನಗಳಲ್ಲಿ ಹಲವು ಸಾವಿರಕ್ಕೆ ಏರಿತು. ತೆರೆದು ನೋಡಿದರೆ ಚಿತ್ರವಿಲ್ಲದ, ಒಂದೂ ಪೋಸ್ಟ್ ಇಲ್ಲದ, ಯಾವುದೋ ದೇಶದ ಹೆಸರುಗಳ ಖಾತೆಗಳು. ಮಲೆನಾಡಿನ ಒಂದು ಮನೆಗೆ ಅವರಲ್ಲಿ ಒಬ್ಬರೂ ಬರುವವರಲ್ಲ. ಇಂಥ ಫಾಲೋವರ್‌ಗಳು ಯಾವ ರೀಲ್ಸನ್ನೂ ನೋಡುವುದಿಲ್ಲವಾದ್ದರಿಂದ, ಮೊದಲು ನಮ್ಮ ಹಳೆಯ ಅತಿಥಿಗಳು ನೋಡಿ ಮೆಚ್ಚುತ್ತಿದ್ದ ವಿಡಿಯೊಗಳಿಗೂ ನೋಡುಗರು ಕಡಿಮೆಯಾಗುತ್ತ ಬಂದರು.

ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅಭಿಪ್ರಾಯಗಳ ವಿಷಯದಲ್ಲಿ. ಹಿಂದೆ ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದ, 2021ರಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂದು ಕರೆಯುವ ನಮ್ಮ ನಕ್ಷೆಯ ಪುಟದಲ್ಲಿ ಅತಿಥಿಗಳು ತಮ್ಮ ಮನಸ್ಸಿನಿಂದ ಬರೆದ ಮಾತುಗಳಿದ್ದವು. ಅಮ್ಮ ಮಾಡಿದ ಕೆಸುವಿನ ಪತ್ರೊಡೆಯ ಬಗ್ಗೆ, ರಾತ್ರಿ ಕರೆಂಟು ಹೋದಾಗ ಅಪ್ಪ ಹೇಳಿದ ಕಾಡಿನ ಕಥೆಗಳ ಬಗ್ಗೆ, ಹಂಡೆಯ ಬಿಸಿನೀರಿನ ಬಗ್ಗೆ. ಏಜೆನ್ಸಿಯವರು ನಮ್ಮನ್ನು ಕೇಳದೆ ಒಂದೇ ವಾರದಲ್ಲಿ ರಾಶಿ ರಾಶಿ ಐದು ನಕ್ಷತ್ರದ ಅಭಿಪ್ರಾಯಗಳನ್ನು ಹಾಕಿಸಿದರು. ಬರೆದವರ ಖಾತೆಗಳನ್ನು ನೋಡಿದರೆ ಅದೇ ವಾರ ದೂರದ ನಗರಗಳ ದಂತವೈದ್ಯರನ್ನೂ ಪ್ಯಾಕರ್ಸ್ ಮತ್ತು ಮೂವರ್ಸ್‌ನವರನ್ನೂ ಅದೇ ಮಾತುಗಳಲ್ಲಿ ಹೊಗಳಿದ್ದರು. ನಮ್ಮಲ್ಲಿ ಇಲ್ಲದ ಈಜುಕೊಳವನ್ನು ಒಬ್ಬರು ಮೆಚ್ಚಿಕೊಂಡಿದ್ದರು. ಗೂಗಲ್ ಇದನ್ನು ಪತ್ತೆ ಹಚ್ಚಿದಾಗ ನಕಲಿ ಅಭಿಪ್ರಾಯಗಳನ್ನು ಅಳಿಸುವುದಷ್ಟೇ ಅಲ್ಲದೆ ಹೊಸ ಅಭಿಪ್ರಾಯಗಳು ಬಾರದಂತೆ ತಡೆಯಬಹುದು, ಇರುವ ಅಭಿಪ್ರಾಯಗಳನ್ನು ಕೆಲಕಾಲ ಮರೆಮಾಡಬಹುದು, ಇಲ್ಲಿ ನಕಲಿ ಅಭಿಪ್ರಾಯಗಳನ್ನು ತೆಗೆಯಲಾಗಿದೆ ಎಂಬ ಸೂಚನೆಯನ್ನು ಪುಟದಲ್ಲೇ ತೋರಿಸಬಹುದು. ನಮ್ಮ ಪುಟಕ್ಕೆ ಇದೆಲ್ಲವೂ ಆಯಿತು, ಅದೂ ಮಳೆಗಾಲದ ನಡುವೆ. ನಿರ್ಬಂಧ ಮುಗಿದ ಮೇಲೆ ನಿಜವಾದ ಅಭಿಪ್ರಾಯಗಳಲ್ಲಿ ಒಂದಷ್ಟು ಮರಳಿ ಕಂಡವು. ಉಳಿದವು ಬರಲೇ ಇಲ್ಲ. ಆನ್‌ಲೈನ್ ಅಭಿಪ್ರಾಯಗಳಿಗೆಂದೇ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡ ಹೊರಡಿಸಿದೆ, ಹಣ ಕೊಟ್ಟು ಬರೆಸಿದ ಅಭಿಪ್ರಾಯಗಳನ್ನು ಅದು ಒಪ್ಪುವುದಿಲ್ಲ. ಯಾರಾದರೂ ನಿಮಗೆ ರಿವ್ಯೂ ಪ್ಯಾಕೇಜ್ ಎಂದು ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಇನ್ನು ಸಾಕು ಎಂದು ನಾವು ಹೇಳಿದ ಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ನಕ್ಷೆಯ ಪುಟಕ್ಕೆ ಓನರ್ ಏಜೆನ್ಸಿಯೇ ಆಗಿತ್ತು. ನಮ್ಮನ್ನು ಮ್ಯಾನೇಜರ್ ಎಂದು ಸೇರಿಸಿದ್ದರು, ಅದನ್ನೂ ತೆಗೆದುಹಾಕಿದರು. ಕೆಲವು ವಾರಗಳ ನಂತರ, ಪ್ರತಿ ವರ್ಷ ಬರುವ ಒಂದು ಕುಟುಂಬದವರು ನೇರವಾಗಿ ನನ್ನ ಸಂಖ್ಯೆಗೆ ಫೋನ್ ಮಾಡಿ, ನಕ್ಷೆಯಲ್ಲಿರುವ ನಂಬರಿಗೆ ಕರೆ ಮಾಡಿದರೆ ಕೋಣೆ ಖಾಲಿ ಇಲ್ಲ, ಬೇರೆ ಮನೆ ಕೊಡಿಸುತ್ತೇವೆ ಎನ್ನುತ್ತಾರಲ್ಲ, ಏಕೆ ಎಂದು ಕೇಳಿದರು. ಪುಟದಲ್ಲಿದ್ದ ಸಂಖ್ಯೆ ಬದಲಾಗಿತ್ತು. ನಮ್ಮ ಹೆಸರು, ನಮ್ಮ ಮನೆಯ ಚಿತ್ರ, ನಮ್ಮ ಅತಿಥಿಗಳ ಮಾತು ತೋರಿಸಿ ಬಂದ ಕರೆಗಳನ್ನು ಬೇರೆಯವರ ಕಡೆಗೆ ತಿರುಗಿಸುತ್ತಿದ್ದರು.

ಪುಟವನ್ನು ಮರಳಿ ಪಡೆದ ಕ್ರಮವನ್ನು ವಿವರವಾಗಿ ಹೇಳುತ್ತೇನೆ, ಇದೇ ಸ್ಥಿತಿಯಲ್ಲಿ ಇರುವವರು ಬಹಳ ಜನ ಇದ್ದಾರೆ ಎಂದು ನನಗೆ ಗೊತ್ತು. ಗೂಗಲ್‌ನಲ್ಲಿ ಆ ಪುಟವನ್ನು ತೆರೆದು ಮಾಲೀಕತ್ವಕ್ಕೆ ಕೋರಿಕೆ ಸಲ್ಲಿಸಬಹುದು. ಈಗಿರುವ ಓನರ್‌ಗೆ ಉತ್ತರಿಸಲು 3 ದಿನ ಇರುತ್ತದೆ; ಅವರು ಸುಮ್ಮನಿದ್ದರೆ, ಅದು ನಿಮ್ಮದೇ ವ್ಯವಹಾರವೆಂದು ದೃಢಪಡಿಸುವ ಅವಕಾಶ ಸಾಮಾನ್ಯವಾಗಿ ಸಿಗುತ್ತದೆ, ನಿರಾಕರಿಸಿದರೆ ಮೇಲ್ಮನವಿ ಸಲ್ಲಿಸಬಹುದು. ನಮಗೆ ವಿಡಿಯೊ ಪರಿಶೀಲನೆ ಬಂತು: ರಸ್ತೆ, ಹೆಸರಿನ ಫಲಕ, ಬಾಗಿಲಿನ ಬೀಗ ತೆರೆಯುವುದು, ಒಳಗಿನ ಕೋಣೆ, ಎಲ್ಲವನ್ನೂ ನಡುವೆ ಕತ್ತರಿಸದೆ ಒಂದೇ ವಿಡಿಯೊದಲ್ಲಿ ತೋರಿಸಬೇಕು. ನಮ್ಮ ಊರಿನ ನೆಟ್‌ವರ್ಕ್‌ನಲ್ಲಿ ಅದನ್ನು ಕಳಿಸುವುದೇ ಒಂದು ಸಾಹಸವಾಯಿತು. ಮೆಸ್ಕಾಂ ವಿದ್ಯುತ್ ಬಿಲ್ ಮತ್ತು ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ ಎರಡೂ ಒಂದೇ ಹೆಸರು, ಒಂದೇ ವಿಳಾಸದಲ್ಲಿ ಇದ್ದದ್ದು ಮುಂದೆ ಸಹಾಯಕ್ಕೆ ಬಂತು. ಹೊಸದಾಗಿ ಸೇರಿದ ಓನರ್ ಮೊದಲ 7 ದಿನ ಹಳಬರನ್ನು ತೆಗೆಯಲಾಗದು ಎಂಬ ನಿಯಮವೂ ಇರುವುದರಿಂದ, ಏಜೆನ್ಸಿಯೊಂದಿಗೆ ಸಂಬಂಧ ಚೆನ್ನಾಗಿ ಇರುವಾಗಲೇ, ಇವತ್ತೇ ನಿಮ್ಮ ಪುಟದ ಓನರ್ ಯಾರೆಂದು ನೋಡಿಕೊಳ್ಳಿ. ಈ ಪುಟವನ್ನು ತೆರೆಯುವುದಕ್ಕಾಗಲಿ ಇಟ್ಟುಕೊಳ್ಳುವುದಕ್ಕಾಗಲಿ ಗೂಗಲ್ ಒಂದು ರೂಪಾಯಿಯನ್ನೂ ಕೇಳುವುದಿಲ್ಲ.

ಅಡಿಕೆ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟವರು ತೋಟದ ಪಹಣಿಯನ್ನು ಚೇಣಿದಾರರ ಹೆಸರಿಗೆ ಬರೆಸುವುದಿಲ್ಲ. ಪ್ರಚಾರದ ಕೆಲಸವನ್ನು ಹೊರಗಿನವರಿಗೆ ಕೊಡುವುದಕ್ಕೂ ಇದೇ ಕ್ರಮ ಸಾಕು, ಮತ್ತು ಈ ಕಂಪನಿಗಳೇ ಅದಕ್ಕೆ ದಾರಿ ಮಾಡಿಟ್ಟಿವೆ. ನಕ್ಷೆಯ ಪುಟದಲ್ಲಿ ನೀವು ಓನರ್, ಅವರು ಮ್ಯಾನೇಜರ್. ಜಾಹೀರಾತು ಖಾತೆಯನ್ನು ನಿಮ್ಮ ಇಮೇಲ್‌ನಲ್ಲಿ ನೀವೇ ತೆರೆದು, ಅದರ ಹತ್ತು ಅಂಕಿಯ ಸಂಖ್ಯೆಯನ್ನು ಮಾತ್ರ ಕೊಟ್ಟರೆ ಅವರು ತಮ್ಮ ಮ್ಯಾನೇಜರ್ ಖಾತೆಯಿಂದ ಜೋಡಿಸಿಕೊಂಡು ಕೆಲಸ ಮಾಡಬಹುದು. ಹಣ ನಿಮ್ಮ ಕಾರ್ಡಿನಿಂದ ನೇರವಾಗಿ ಗೂಗಲ್‌ಗೆ ಹೋಗುತ್ತದೆ, ಅವರ ಸಂಬಳ ಬೇರೆ. ಫೇಸ್‌ಬುಕ್ ಪೇಜ್ ನಿಮ್ಮದೇ ಬಿಸಿನೆಸ್ ಖಾತೆಯಲ್ಲಿದ್ದು ಅವರಿಗೆ ಪಾರ್ಟ್‌ನರ್ ಪ್ರವೇಶ ಇರಲಿ. ಇದಕ್ಕೆ ಒಪ್ಪದ ಏಜೆನ್ಸಿಗೆ ಕೆಲಸ ಕೊಡಬೇಡಿ. ಪ್ರಾಮಾಣಿಕವಾಗಿ ಕೆಲಸ ಮಾಡುವವರು ಶಿವಮೊಗ್ಗದಲ್ಲೂ ಇದ್ದಾರೆ, ಅವರು ತಾವಾಗಿಯೇ ಹೀಗೆ ಮಾಡಲು ಹೇಳುತ್ತಾರೆ.

ಜಾಹೀರಾತೇ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ನಾಲ್ಕು ಕೋಣೆಯ ಮನೆಗೆ ಮೊದಲು ಬೇಕಾದದ್ದು ಸರಿಯಾದ ಸಮಯ, ಸರಿಯಾದ ಸಂಖ್ಯೆ, ಈ ವರ್ಷದ ಚಿತ್ರಗಳಿರುವ ನಕ್ಷೆಯ ಪುಟ ಮತ್ತು ಬಂದ ಅಭಿಪ್ರಾಯಗಳಿಗೆ ಮನೆಯವರೇ ಬರೆದ ಉತ್ತರ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ನೆರೆಮನೆಯ ಅಕ್ಕ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ ಬೆಲೆ ಸಹಿತ ಹಾಕಿ, ಜಾಹೀರಾತಿಗೆ ಏನನ್ನೂ ಖರ್ಚು ಮಾಡದೆ ಬೆಂಗಳೂರು, ಹುಬ್ಬಳ್ಳಿಗೆ ಕಳಿಸುತ್ತಿದ್ದಾರೆ.

ಹಣದ ವಿಷಯದಲ್ಲಿ ನಾವು ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆಯನ್ನು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಹೊರಗಿಡುತ್ತದೆ. ಸ್ವಯಂ ಉದ್ಯೋಗದಿಂದ ಜೀವನ ನಡೆಸುವವರಿಗೆ ಇರುವ ವಿನಾಯಿತಿಯಲ್ಲಿ ಅದು ಕೊಂಡ ಸರಕನ್ನಷ್ಟೇ ಹೆಸರಿಸುತ್ತದೆ, ಸೇವೆಗೂ ಅದು ಸಲ್ಲುತ್ತದೆಯೇ ಎಂಬುದನ್ನು ಆಯೋಗವೇ ನೋಡಬೇಕು. ಜಾಲತಾಣದ ವಿಳಾಸ ಮಾತ್ರ ಇನ್ನೂ ಏಜೆನ್ಸಿಯ ಹೆಸರಿನಲ್ಲೇ ನೋಂದಣಿಯಾಗಿದೆ. ಡಾಟ್ ಇನ್ ವಿಳಾಸಗಳ ವಿವಾದಕ್ಕೆ, ಆ ವಿಳಾಸಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಮಧ್ಯಸ್ಥಿಕೆ ವ್ಯವಸ್ಥೆ ಇದೆ, ಆದರೆ ಅದರ ಖರ್ಚು ಆ ವಿಳಾಸದ ವಾರ್ಷಿಕ ಶುಲ್ಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆ ಹಳೆಯ ಜಾಲತಾಣ ಈಗಲೂ ತೆರೆಯುತ್ತದೆ, ನಮ್ಮ ಮನೆಯ ಚಿತ್ರವನ್ನೂ ತೋರಿಸುತ್ತದೆ. ಅದರಲ್ಲಿರುವ ಫೋನ್ ಸಂಖ್ಯೆಯಾಗಲಿ ಯುಪಿಐ ವಿಳಾಸವಾಗಲಿ ನಮ್ಮದಲ್ಲ. ನಮ್ಮಲ್ಲಿಗೆ ಬರುವವರು ನಕ್ಷೆಯ ಪುಟದಲ್ಲಿರುವ ಸಂಖ್ಯೆಗೆ ಕರೆ ಮಾಡಿ, ನಮ್ಮ ಮನೆಯವರೊಂದಿಗೆ ಮಾತನಾಡಿದ ಮೇಲಷ್ಟೇ ಮುಂಗಡ ಹಣ ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ.