ಕ್ಲಾಸಿನ ನೋಟ್ಸ್: ರೆಕಾರ್ಡಿಂಗ್, ಲ್ಯಾಪ್‌ಟಾಪ್, ಮೈಂಡ್ ಮ್ಯಾಪ್, ಕಾರ್ನೆಲ್ ಪುಟ – ನಾಲ್ಕನ್ನೂ ಬಳಸಿ ನೋಡಿದೆ

ಅಂಕಿಅಂಶ ಶಾಸ್ತ್ರದ ಪರೀಕ್ಷೆಗೆ ಎರಡೇ ದಿನ ಉಳಿದಿತ್ತು. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ್ದ ನೋಟ್ಸ್ ತೆರೆದೆ. ‘ಸ್ಯಾಂಪಲ್ ವೇರಿಯನ್ಸ್ ತೆಗೆಯುವಾಗ ಎನ್‌ನಿಂದ ಅಲ್ಲ, ಎನ್ ಮೈನಸ್ ಒಂದರಿಂದ ಭಾಗಿಸಬೇಕು’ ಎಂದಿತ್ತು. ಆರಿಸಿಕೊಂಡ ಒಂದಷ್ಟು ಅಂಕಿಗಳು ಸ್ಯಾಂಪಲ್, ಅವು ಎಷ್ಟು ಹರಡಿಕೊಂಡಿವೆ ಅನ್ನುವ ಅಳತೆ ವೇರಿಯನ್ಸ್, ಅವುಗಳ ಎಣಿಕೆ ಎನ್. ಮೇಷ್ಟ್ರು ಹೇಳಿದ ಹಾಗೇ ಬರೆದಿದ್ದೆ, ಒಂದು ಪದವೂ ಬಿಡದೆ. ಯಾಕೆ ಅಂತ ಮಾತ್ರ ನನಗೆ ಗೊತ್ತಿರಲಿಲ್ಲ. ಕೆಳಗೆ ಮೂರು ಸಾಲಿನಲ್ಲಿ ಕಾರಣವೂ ಇತ್ತು, ಅದನ್ನೂ ನಾನೇ ಟೈಪ್ ಮಾಡಿದ್ದೆ. ಆದರೆ ಓದುವಾಗ ಬೇರೆ ಯಾರದೋ ನೋಟ್ಸ್ ಹಿಡಿದು ಕೂತ ಹಾಗೆ ಅನ್ನಿಸಿತು.

ಮುಂದಿನ ಸೆಮಿಸ್ಟರಿನಲ್ಲಿ ಮೂರು ವಾರಕ್ಕೊಂದು ರೀತಿಯಂತೆ ನಾಲ್ಕು ರೀತಿ ಬಳಸಿದೆ. ಪ್ರತಿ ವಾರದ ಕೊನೆಗೆ ನೋಟ್ಸ್ ಮುಚ್ಚಿಟ್ಟು, ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟನ್ನು ಬರೆಯುತ್ತಿದ್ದೆ. ನೋಟ್ಸ್ ಎಷ್ಟು ಅಂದವಾಗಿದೆ ಅನ್ನುವುದು ಮುಖ್ಯವಲ್ಲ, ಆ ಹಾಳೆ ಎಷ್ಟು ತುಂಬಿತು ಅನ್ನುವುದೇ ನನ್ನ ಅಳತೆ.

ರೆಕಾರ್ಡಿಂಗ್ ಮೊದಲ ವಾರವೇ ಸೋತಿತು. 50 ನಿಮಿಷದ ಕ್ಲಾಸನ್ನು ಮತ್ತೆ ಕೇಳಲು ಇನ್ನೂ 50 ನಿಮಿಷ ಬೇಕು. ದಿನಕ್ಕೆ ನಾಲ್ಕು ಕ್ಲಾಸ್ ಇದ್ದರೆ ಕೇಳುವುದು ಯಾವಾಗ? ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಫೋನು ಕೇಳಿಸಿಕೊಳ್ಳುತ್ತಿದೆಯಲ್ಲ ಅಂತ ನಾನು ಕೇಳಿಸಿಕೊಳ್ಳುವುದನ್ನೇ ಬಿಟ್ಟೆ. ಒಂದು ಉಪಯೋಗ ಮಾತ್ರ ಇದೆ. ಕೈಯಲ್ಲಿ ಬರೆಯುವಾಗ ಏನಾದರೂ ತಪ್ಪಿಹೋದರೆ, ಪಕ್ಕದಲ್ಲಿ ಆ ಹೊತ್ತಿನ ನಿಮಿಷ ಗುರುತು ಹಾಕಿ, ಆಮೇಲೆ ಅಷ್ಟನ್ನೇ ಕೇಳಬಹುದು. ಅದಕ್ಕೂ ಪಾಠ ಮಾಡುವವರ ಒಪ್ಪಿಗೆ ಮೊದಲೇ ಕೇಳಬೇಕು.

ಲ್ಯಾಪ್‌ಟಾಪಿನ ವಿಷಯ ಅಷ್ಟು ಸುಲಭವಲ್ಲ. ಇಂಗ್ಲಿಷಿನಲ್ಲಿ ಪಾಠ ಮಾಡುವವರು ಸಾಮಾನ್ಯವಾಗಿ ನಿಮಿಷಕ್ಕೆ 100ಕ್ಕೂ ಜಾಸ್ತಿ ಪದ ಆಡುತ್ತಾರೆ. ಕೈಬರಹ ಅದರ ಹತ್ತಿರವೂ ಬರುವುದಿಲ್ಲ. ಟೈಪಿಂಗ್ ಸ್ವಲ್ಪ ಹತ್ತಿರ ಹೋಗುತ್ತದೆ, ತೊಂದರೆ ಶುರುವಾಗುವುದು ಅಲ್ಲೇ. ಕಿವಿಗೆ ಬಿದ್ದದ್ದು ತಲೆಯಲ್ಲಿ ನಿಲ್ಲದೆ ಸೀದಾ ಬೆರಳಿಗೆ ಇಳಿಯುತ್ತದೆ. 2014ರಲ್ಲಿ ಮುಲ್ಲರ್ ಮತ್ತು ಒಪ್ಪೆನ್‌ಹೈಮರ್ ಎಂಬ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷಿಸಿದ್ದರು. ಲ್ಯಾಪ್‌ಟಾಪ್ ಬಳಸಿದವರು ಜಾಸ್ತಿ ಬರೆದಿದ್ದರು, ಕೇಳಿದ್ದನ್ನು ಹಾಗೆ ಹಾಗೇ ಬರೆದಿದ್ದರು. ಅರ್ಥ ಮಾಡಿಕೊಂಡು ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಹಿಂದೆ ಬಿದ್ದಿದ್ದರು. ಮುಂದೆ ಬೇರೆಯವರು ಈ ಪ್ರಯೋಗವನ್ನು ಮತ್ತೆ ಮಾಡಿದಾಗ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಹಾಗಾಗಿ ‘ಪೆನ್ನೇ ಮೇಲು’ ಅಂತ ಸುಮ್ನೆ ಹೇಳಿಬಿಡಲು ಆಗುವುದಿಲ್ಲ.

ನನ್ನ ಅನುಭವವೂ ಹಾಗೇ ಇದೆ. ಎರಡನೆಯ ವಾರ ಒಂದು ಬದಲಾವಣೆ ಮಾಡಿಕೊಂಡೆ. ಮೇಷ್ಟ್ರು ಒಂದು ವಿಚಾರ ಮುಗಿಸುವ ತನಕ ಕೀಬೋರ್ಡ್ ಮುಟ್ಟುತ್ತಿರಲಿಲ್ಲ. ಮುಗಿದ ಮೇಲೆ ನನ್ನದೇ ಮಾತಿನಲ್ಲಿ ಒಂದೆರಡು ಸಾಲು, ಅಷ್ಟೇ. ಫೈಲು ಮೂರನೇ ಒಂದು ಭಾಗಕ್ಕೆ ಇಳಿಯಿತು, ವಾರದ ಕೊನೆಯ ಹಾಳೆ ಮಾತ್ರ ಮೊದಲಿಗಿಂತ ಚೆನ್ನಾಗಿ ತುಂಬಿತು. ಇತಿಹಾಸದ ಕ್ಲಾಸಿಗೆ, ಅಂದರೆ ಹೆಸರು, ಇಸವಿ, ಘಟನೆ ಒಂದರ ಹಿಂದೊಂದು ಬರುವ ಕಡೆ, ಈಗಲೂ ಲ್ಯಾಪ್‌ಟಾಪೇ ನನ್ನ ಆಯ್ಕೆ. ಬೇಕಾದ ಪದ ಹುಡುಕಿದರೆ ತಕ್ಷಣ ಸಿಗುತ್ತದೆ. ಸೂತ್ರ, ಚಿತ್ರ, ಬಾಣದ ಗುರುತು ಬರುವ ಕ್ಲಾಸಿಗೆ ಮಾತ್ರ ಬೇಡವೇ ಬೇಡ. ಇಂಟರ್ನೆಟ್ ಆಫ್ ಮಾಡಿಯೇ ಕೂರಬೇಕು, ಇದನ್ನು ತುಂಬಾ ಕಳಕಳಿಯಿಂದ ಹೇಳುತ್ತಿದ್ದೇನೆ.

ಮೈಂಡ್ ಮ್ಯಾಪ್ ಅಂದರೆ ಮುಖ್ಯ ವಿಷಯವನ್ನು ನಡುವೆ ಬರೆದು, ಉಳಿದದ್ದನ್ನು ಕೊಂಬೆಗಳ ಹಾಗೆ ಸುತ್ತ ಹರಡುವ ಚಿತ್ರ. ಅದರ ಮೇಲೆ ನನಗೆ ತುಂಬಾ ಆಸೆ ಇತ್ತು. ಕ್ಲಾಸಿನಲ್ಲಿ ಅದು ನಡೆಯಲಿಲ್ಲ. ಯಾವುದು ಕಾಂಡ, ಯಾವುದು ಕೊಂಬೆ ಅಂತ ಪಾಠ ಮುಗಿಯುವ ತನಕ ಗೊತ್ತಾಗುವುದಿಲ್ಲ, ಅಲ್ವಾ? ಮೂಲೆಯಲ್ಲಿ ಸಣ್ಣದಾಗಿ ಬರೆದದ್ದೇ ಇಡೀ ಪಾಠದ ಹೂರಣವಾಗಿರುತ್ತಿತ್ತು. ಯೂನಿಟ್ ಮುಗಿದ ಮೇಲೆ, ಪುಸ್ತಕ ನೋಡದೆ ಒಂದೇ ಪುಟದಲ್ಲಿ ಬರೆಯಲು ಮಾತ್ರ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಕೊನೆಗೆ ಕಾರ್ನೆಲ್ ಪುಟ. 1950ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ರೂಪಿಸಿದ ರೀತಿ ಇದು. ಪುಟದ ಎಡಗಡೆ ಸುಮಾರು ಎರಡೂವರೆ ಇಂಚು ಬಿಟ್ಟು ಉದ್ದಕ್ಕೆ ಗೆರೆ, ಕೆಳಗೆ ಎರಡು ಇಂಚು ಬಿಟ್ಟು ಅಡ್ಡ ಗೆರೆ. ಕ್ಲಾಸಿನಲ್ಲಿ ಬರೆಯುವುದು ಬಲಗಡೆ ಮಾತ್ರ. ಕೆಳಗಿನ ಜಾಗ ಆ ಪುಟದ ಸಾರಾಂಶಕ್ಕೆ.

ಮೊದಲ ವಾರ ನಾನು ಮಾಡಿದ ತಪ್ಪು ಹೇಳುತ್ತೇನೆ, ಯಾಕೆಂದರೆ ತುಂಬಾ ಜನ ಇದನ್ನೇ ಮಾಡುತ್ತಾರೆ. ಎಡಗಡೆ ಜಾಗವನ್ನೂ ಕ್ಲಾಸಿನಲ್ಲೇ ತುಂಬಿದೆ, ಅದೂ ‘ವೇರಿಯನ್ಸ್’, ‘ಮೀಡಿಯನ್’ ಅಂತ ಬರೀ ತಲೆಬರಹ. ಹಾಗೆ ಮಾಡಿದರೆ ಅದು ಗೆರೆ ಎಳೆದ ಹಾಳೆ ಅಷ್ಟೇ. ಆ ಜಾಗ ಇರುವುದು ಸಂಜೆಗೆ. ಬಲಗಡೆ ಓದಿ, ಅದು ಯಾವ ಪ್ರಶ್ನೆಗೆ ಉತ್ತರ ಅಂತ ಯೋಚಿಸಿ, ಆ ಪ್ರಶ್ನೆಯನ್ನು ಎಡಗಡೆ ಬರೆಯಬೇಕು. ‘ಎನ್ ಮೈನಸ್ ಒಂದು ಯಾಕೆ?’ ಅಂತ ಬರೆದು, ಬಲಗಡೆಯನ್ನು ಇನ್ನೊಂದು ಹಾಳೆಯಿಂದ ಮುಚ್ಚಿ, ಬಾಯಿಬಿಟ್ಟು ಹೇಳಬೇಕು. ಸ್ಯಾಂಪಲ್‌ನ ಅಂಕಿಗಳ ಅಂತರವನ್ನು ಆ ಸ್ಯಾಂಪಲ್‌ನದೇ ಸರಾಸರಿಯಿಂದ ಅಳೆಯುತ್ತೇವೆ. ಆ ಸರಾಸರಿ ಆ ಅಂಕಿಗಳ ನಡುವಿನಿಂದಲೇ ಹುಟ್ಟಿದ್ದು. ಹಾಗಾಗಿ ಹರಡಿಕೆ ನಿಜಕ್ಕಿಂತ ಸಣ್ಣದಾಗಿ ಕಾಣುತ್ತದೆ. ಕಡಿಮೆ ಸಂಖ್ಯೆಯಿಂದ ಭಾಗಿಸಿ ಅದನ್ನು ಸರಿದೂಗಿಸುತ್ತೇವೆ. ನೋಡದೆ ಇಷ್ಟು ಹೇಳಲು ಬಂದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ನಡೆಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಒಂದು ಪಠ್ಯವನ್ನು ಕೆಲವರು ಮತ್ತೆ ಮತ್ತೆ ಓದಿದರು, ಕೆಲವರು ಓದಿದ ಮೇಲೆ ನೋಡದೆ ನೆನಪಿಸಿಕೊಂಡು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ನೋಡದೆ ನೆನಪಿಸಿಕೊಂಡು ಬರೆದಿದ್ದವರು ಮುಂದಿದ್ದರು. ಓದಿದ ಕೂಡಲೇ ‘ಎಲ್ಲಾ ಬಂತು’ ಅನ್ನಿಸುವುದನ್ನು ಯಾಕೆ ನಂಬಬಾರದು ಅಂತ ನನಗೆ ಅರ್ಥವಾದದ್ದು ಇದರಿಂದಲೇ.

ಕಾರ್ನೆಲ್‌ಗೂ ಕೊರತೆ ಇದೆ. ಎಡಗಡೆ ಎರಡು ದಿನ ಖಾಲಿ ಬಿಟ್ಟರೆ ಆಮೇಲೆ ಪ್ರಶ್ನೆ ಹೊಳೆಯುವುದೇ ಇಲ್ಲ. ಉದ್ದನೆಯ ಗಣಿತದ ಸಾಧನೆ ಬಂದರೆ ಬಲಗಡೆ ಜಾಗ ಸಾಲದೆ ಸಾಲು ಮುರಿಯುತ್ತದೆ. ಅಂಥ ದಿನ ಗೆರೆ ಮರೆತು ಪುಟದ ತುಂಬಾ ಬರೆಯುತ್ತೇನೆ. ಆದರೆ ಬೋರ್ಡಿನಲ್ಲಿ ಇದ್ದಷ್ಟನ್ನೇ ಅಲ್ಲ. ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಹೋಗುವಾಗ ಮೇಷ್ಟ್ರು ಬಾಯಲ್ಲಿ ಹೇಳುವ ಕಾರಣ ಬೋರ್ಡಿಗೆ ಬರುವುದಿಲ್ಲ. ಅದನ್ನು ಪಕ್ಕದಲ್ಲಿ ಬೇರೆ ಬಣ್ಣದಲ್ಲಿ ಬರೆಯುತ್ತೇನೆ.

ಈಗ ಅಂಕಿಅಂಶ, ಅರ್ಥಶಾಸ್ತ್ರಕ್ಕೆ ಕಾರ್ನೆಲ್ ಪುಟ, ಇತಿಹಾಸಕ್ಕೆ ಲ್ಯಾಪ್‌ಟಾಪ್, ಯೂನಿಟ್ ಮುಗಿದಾಗ ಒಂದು ಮೈಂಡ್ ಮ್ಯಾಪ್. ಯಾವುದರಲ್ಲಿ ಬರೆದರೂ, ಅರ್ಥವಾಗದ ಕಡೆ ನಾಲ್ಕು ಸಾಲು ಖಾಲಿ ಬಿಟ್ಟು ಪ್ರಶ್ನೆ ಚಿಹ್ನೆ ಹಾಕುತ್ತೇನೆ. ಕ್ಲಾಸ್ ಬಿಟ್ಟ ತಕ್ಷಣ ಪಕ್ಕದವರನ್ನೋ ಮೇಷ್ಟ್ರನ್ನೋ ಕೇಳಿ, ಆ ನಾಲ್ಕು ಸಾಲನ್ನು ಅವತ್ತೇ ತುಂಬುತ್ತೇನೆ.